ಹತ್ತು ಹೆಸರಿನ ಪಟ್ಟಿ ಮತ್ತು ಒಬ್ಬ ಕಾರ್ಯದರ್ಶಿ

೨೦೨೧ರ ಜನವರಿಯಲ್ಲಿ ಐರ್ಲೆಂಡಿನಲ್ಲಿ, ಕೊರೋನಾ ನಿಯಮದಂತೆ, ಒಬ್ಬರ ಅಂತ್ಯಕ್ರಿಯೆಗೆ ಹತ್ತೇ ಜನ ಹೋಗಬಹುದಿತ್ತು. ಬಳಗದವರೇ, ಇದು ನಿಮಗೂ ಗೊತ್ತು. ಆ ಹತ್ತರಲ್ಲಿ ಸತ್ತವನ ಅಕ್ಕನಿಗೇ ಜಾಗ ಹೇಗೆ ತಪ್ಪಿತು ಅನ್ನುವುದು ನಿಮಗೆ ಗೊತ್ತಿಲ್ಲ. ಅಥವಾ ಗೊತ್ತಿದ್ದೂ ಸುಮ್ಮನಿದ್ದೀರಿ.

ಲೂಕನ್ ಊರಿನ ಹೇಮಚಂದ್ರ ಕೆಟ್ಟವನಲ್ಲ. ನಮ್ಮ ಕನ್ನಡ ಬಳಗದಲ್ಲಿ ಮೊದಲು ಕುರ್ಚಿ ಜೋಡಿಸಿದ, ಆಮೇಲೆ ನಿರೂಪಣೆ ಮಾಡಿದ, ಕೊನೆಗೆ ಕಾರ್ಯದರ್ಶಿಯಾದ. ಕೊರೋನಾ ಬಂದಾಗ ಅಧ್ಯಕ್ಷ ವಿಶ್ವೇಶ್ವರರು "ಪರಿಸ್ಥಿತಿ ಸರಿಹೋಗುವವರೆಗೆ" ಎಂದು ಚುನಾವಣೆ ನಿಲ್ಲಿಸಿದರು, ಕಾರ್ಯದರ್ಶಿಯೊಬ್ಬನನ್ನು ಉಳಿಸಿಕೊಂಡು ಸಮಿತಿಯನ್ನೂ ವಿಸರ್ಜಿಸಿದರು. ಆ ನೋಟಿಸಿಗೆ ಸಹಿ ಹಾಕಿದವನು ಹೇಮಚಂದ್ರ. ದಸರೆಗೆ ಅಧ್ಯಕ್ಷರು ಪೇಟ ಸುತ್ತಿಕೊಂಡು ಜೂಮ್‌ನಲ್ಲಿ ದರ್ಬಾರು ನಡೆಸಿದರು. ನಾವು ತಮಾಷೆಗೆ "ಮಹಾಪ್ರಭು" ಎಂದು ಟೈಪ್ ಮಾಡಿದೆವು. ಅವರು ಅದನ್ನು ತಮಾಷೆ ಅಂದುಕೊಳ್ಳಲಿಲ್ಲ.

"ರಾಜೀನಾಮೆ ಬಿಸಾಕಿ ಬಾರೋ, ನೀನೇನು ದಿವಾನನಾ?" ಎಂದು ಹೇಮಚಂದ್ರನನ್ನು ಗೆಳೆಯ ಜಯರಾಮ ಅಣಕಿಸಿದ್ದ.

"ಒಳಗಿದ್ರೆ ಏನಾದ್ರೂ ಒಳ್ಳೇದು ಮಾಡ್ಬೋದು ಕಣೋ."

"ಗ್ರ್ಯಾಂಡ್! ಹಂಗಾದ್ರೆ ಪೇಟಕ್ಕೆ ಇಸ್ತ್ರಿ ಹಾಕೋಗು."

ಜನವರಿಯಲ್ಲಿ ಜಯರಾಮ ಸತ್ತ. ಕೋವಿಡ್. ಹತ್ತು ಜನರ ಪಟ್ಟಿ ಮಾಡುವ ಕೆಲಸವನ್ನು ಅವನ ಹೆಂಡತಿ ವಿನೋದಿನಿ ಹೇಮಚಂದ್ರನಿಗೇ ಒಪ್ಪಿಸಿದರು. ಪಟ್ಟಿ ಮುಗಿದ ಮೇಲೆ ಅಧ್ಯಕ್ಷರ ಫೋನ್ ಬಂತು: "ಬಳಗದ ಪರವಾಗಿ ನಾನೂ ನಮ್ಮ ಮಿಸೆಸ್ಸೂ ಹಾರ ಹಾಕ್ಬೇಕು. ಎರಡು ಜಾಗ ಮಾಡಿ."

ಹೇಮಚಂದ್ರ ಮೊದಲು ತನ್ನ ಹೆಸರನ್ನೇ ಹೊಡೆದುಹಾಕಿದ. ದೊಡ್ಡ ತ್ಯಾಗ ಮಾಡಿದೆ ಅನ್ನಿಸಿತಂತೆ. ಇನ್ನೊಂದು ಜಾಗ ಬೇಕಿತ್ತು. ಕಾರ್ಕ್‌ನಲ್ಲಿ ನರ್ಸ್ ಆಗಿರುವ ವನಜಾ, ಜಯರಾಮನ ಒಡಹುಟ್ಟಿದ ಅಕ್ಕ, ಅವರ ಹೆಸರನ್ನೂ ಹೊಡೆದ. "ಕೋವಿಡ್ ವಾರ್ಡಲ್ಲಿ ಇರೋರು, ಹೇಳಿದ್ರೆ ಅರ್ಥ ಮಾಡ್ಕೋತಾರೆ" ಎಂದ.

ಆಕೆ ಬಂದೇ ಬಂದರು. ಚಿತಾಗಾರದ ಗೇಟಿನ ಹೊರಗೆ ಕಾರಿನಲ್ಲಿ ಕೂತು, ತಮ್ಮನ ಕೊನೆಯ ಗಳಿಗೆಯನ್ನು ಫೋನಿನ ನೇರಪ್ರಸಾರದಲ್ಲಿ ನೋಡಿದರು. ಪರದೆಯ ತುಂಬ ಅಧ್ಯಕ್ಷರ ಬೆನ್ನು. ಗೇಟಿನ ಬಳಿ ನಿಂತಿದ್ದ ಹೇಮಚಂದ್ರನನ್ನು ಕಿಟಕಿ ಇಳಿಸಿ ಕೇಳಿದರು:

"ಪಟ್ಟಿ ನಿನ್ನ ಕೈಲೇ ಇತ್ತಲ್ಲಪ್ಪ?"

ಅವನು ಇವತ್ತಿಗೂ ಕಾರ್ಯದರ್ಶಿ. "ನಾನು ಬಿಟ್ರೆ ಇನ್ನೂ ಕೆಟ್ಟೋರು ಬರ್ತಾರೆ" ಅನ್ನುತ್ತಾನೆ. ಅವನು ಬದಲಾಗುತ್ತಾನೆಂಬ ನಂಬಿಕೆ ನನಗಿಲ್ಲ. ನಿಮ್ಮ ಮೇಲಿನ ನಂಬಿಕೆಯೂ ಅಷ್ಟಕ್ಕಷ್ಟೇ.

ಈ ಭಾನುವಾರ ಅಧ್ಯಕ್ಷರು ಜೂಮ್‌ನಲ್ಲಿ, ಚುನಾವಣೆಯಿಲ್ಲದೆ ಕುರ್ಚಿಯಲ್ಲಿರಲು ಇನ್ನೊಂದು ವರ್ಷ ಕೇಳಲಿದ್ದಾರೆ. ನೋಟಿಸಿನ ಕೆಳಗೆ ಅದೇ ಸಹಿ. ಚಪ್ಪಾಳೆಯ ಚಿತ್ರ ಒತ್ತಬೇಡಿ. ಮೈಕ್ ಆನ್ ಮಾಡಿ, ನಿಮ್ಮ ಹೆಸರು ಹೇಳಿ, "ಚುನಾವಣೆ ನಡೆಸಿ" ಅನ್ನಿ.