ಸುರೇಂದ್ರಾಚಾರಿಯ ನಡುಮನೆಯ ಸಮುದ್ರ

ನಾಗಮಂಗಲದವರು ಸಮುದ್ರ ನೋಡಬೇಕೆಂದರೆ ಘಟ್ಟ ಇಳಿಯಬೇಕು. ಅಕ್ಕಸಾಲಿ ಸುರೇಂದ್ರಾಚಾರಿ ಇಳಿಯಲಿಲ್ಲ. ಮೈಸೂರಿನಿಂದ ಗಾಜಿನ ತೊಟ್ಟಿ, ಕಲ್ಲು, ಬಕೆಟ್ಟುಗಟ್ಟಲೆ ಉಪ್ಪು ತಂದು ಸಮುದ್ರವನ್ನೇ ನಡುಮನೆಗೆ ಎಳೆದುಕೊಂಡ. ಅದರ ಚಕ್ರವರ್ತಿಯಾಗಿ ಒಂದು ಮ್ಯಾಂಡರಿನ್ ಮೀನು ಬಂತು. ಹೆಬ್ಬೆರಳುದ್ದ, ನೀಲಿ ಮೈ, ಮೈತುಂಬ ಕಿತ್ತಳೆ ಬಣ್ಣದ ಬಳ್ಳಿ. ಅಂಥ ಕುಸುರಿ ತನ್ನ ಕೈಯಲ್ಲೂ ಆಗದು ಎಂದು ಸುರೇಂದ್ರ ಒಪ್ಪಿಕೊಂಡ. ಅವನು ಇನ್ನೊಬ್ಬರ ಕೆಲಸವನ್ನು ಹೊಗಳಿದ್ದು ಅದೊಂದೇ ಸಲ.

ಚಕ್ರವರ್ತಿಗೆ ಒಣ ಕಾಳು ಸೇರದು. ಕಲ್ಲಿನ ಮೇಲೆ ಹರಿದಾಡುವ, ಕಣ್ಣಿಗೆ ಕಂಡೂ ಕಾಣದ ಜೀವಂತ ಹುಳುಗಳನ್ನೇ ಹೆಕ್ಕಿ ತಿನ್ನಬೇಕು. ಹುಳು ಇಲ್ಲವೆಂದರೆ ಉಪವಾಸ. ಇದನ್ನು ಕೇಳಿ ಬೀದಿಗೇ ಅವಮಾನವಾಯಿತು.

"ಒಂದ್ ಚೂರು ಮುದ್ದೆ ಕಿವುಚಾಕ್ಲಾ, ಅಸಿದ್ರೆ ತಾನೇ ತಿನ್ತದೆ," ಎಂದ ಪಕ್ಕದ ಮನೆಯ ಚಿಕ್ಕಸ್ವಾಮಿ.

ಕೆಲವು ವಾರ ಮೀನು ಚೆನ್ನಾಗಿಯೇ ಇತ್ತು. ಆಮೇಲೆ ಅದರ ಹೊಟ್ಟೆ ಒಳಕ್ಕೆ ಹೋಯಿತು, ಬೆನ್ನು ಚೂಪಾಯಿತು. ಹುಳುಗಳೇ ಕಾಣೆಯಾಗಿದ್ದವು. ಸುರೇಂದ್ರ ಸಿಡಿದೆದ್ದ. ಉಪ್ಪು ಮಾರಿದವನು ಕಳ್ಳ, ಕರೆಂಟಿನವರು ಕೊಲೆಗಡುಕರು, ತೊಟ್ಟಿಯ ಮೇಜಿಗೆ ವಾರ್ನಿಷ್ ಬಳಿದ ಬಡಗಿ ಜಾತಿಗೇ ಕಳಂಕ. ಬಡಗಿ ಅವನ ಸ್ವಂತ ಚಿಕ್ಕಪ್ಪನ ಮಗ.

ಒಂದು ಬೆಳಿಗ್ಗೆ ಅವನು ಟವೆಲು ಹಿಡಿದು ಸ್ನಾನಕ್ಕೆ ಹೊರಟಾಗ ತಾಯಿ ಸುಬ್ಬಮ್ಮ ತೊಟ್ಟಿಗೆ ಚೆಂಬಿನಿಂದ ನೀರು ಹುಯ್ಯುತ್ತಿದ್ದಳು.

"ಏನವ್ವ ಅದು?"

"ನೀರು ಆರೋದಂಗೆಲ್ಲ ನೀನು ಪ್ಲಾಸ್ಟಿಕ್ ಕ್ಯಾನಿನ್ ನೀರು ಉಯ್ತಿಯಲ್ಲ, ಅದೂ ಒಂದು ಜೀವ ಅಲ್ವೇನ್ಲಾ? ಅದ್ಕೇ ದಿನಾ ಒಂದ್ ಚೆಂಬು ತಾಮ್ರದ ಬಿಂದಿಗೆ ನೀರು ಆಕ್ತಾವ್ನಿ. ನಿನ್ನ ಸಾಕಿದ್ದೂ ಅದ್ರಲ್ಲೇ."

ಮನುಷ್ಯರಿಗೆ ಪವಿತ್ರವಾದ ಆ ನೀರು ಹುಳುಗಳಿಗೆ ವಿಷ. ಸಮುದ್ರದ ತೊಟ್ಟಿಗೆ ತಾಮ್ರ ಸೋಕಬಾರದೆಂದು ಅಂಗಡಿಯವನು ಹೇಳಿಯೇ ಕಳಿಸಿದ್ದ. ಸುರೇಂದ್ರ ಅದನ್ನು ಊರಿಗೆಲ್ಲ ಸಾರಿದ್ದ, ಮನೆಯಲ್ಲಿ ಮಾತ್ರ ಹೇಳಿರಲಿಲ್ಲ. ತಾಯಿಯ ಮೇಲೆ ಕೂಗುವಂತಿಲ್ಲ. ಟವೆಲನ್ನು ಹಿಂಡಿದ, ಒಣ ಟವೆಲು.

ಮೀನು ಉಳಿಯಬೇಕಾದರೆ ಹುಳು ತುಂಬಿದ ಇನ್ನೊಂದು ತೊಟ್ಟಿ ಬೇಕು, ಅದೂ ಇವತ್ತೇ. ಅಂಥದ್ದು ಸುತ್ತಮುತ್ತ ಇದ್ದದ್ದು ಒಂದೇ: ಪಾಂಡವಪುರದಲ್ಲಿ, ಹೆಂಡತಿಯ ತಮ್ಮ ರವೀಂದ್ರ ಮೇಷ್ಟ್ರ ಮನೆಯಲ್ಲಿ. ಆ ತೊಟ್ಟಿ ತೊಳೆಯುವುದೆಂದರೇನೆಂದು ಅರಿಯದು. ಅದನ್ನು "ಪಾಚಿ ಕಟ್ಟಿದ ಕಲ್ಯಾಣಿ" ಎಂದು ಮೇಷ್ಟ್ರ ಮಗುವಿನ ನಾಮಕರಣದ ಪಂಕ್ತಿಯಲ್ಲಿ ತಾನೇ ಎಲ್ಲರೆದುರು ಹಂಗಿಸಿದ ಮೇಲೆ ಸುರೇಂದ್ರ ಆ ಹೊಸ್ತಿಲು ತುಳಿದಿರಲಿಲ್ಲ.

ಈಗ ಮೀನನ್ನು ಡಬ್ಬಿಗೆ ಹಾಕಿ, ಮಡಿಲಲ್ಲಿಟ್ಟುಕೊಂಡು ಬಸ್ಸು ಹತ್ತಿದ. ಪಕ್ಕದಲ್ಲಿದ್ದಾಕೆ ಡಬ್ಬಿಯತ್ತ ಬಗ್ಗಿ ನೋಡಿ, "ಇಷ್ಟೇಯಾ? ಸಾರಿಗೆ ಸಾಕಾಗಲ್ವಲ್ಲಪ್ಪ," ಎಂದಳು. ಸುರೇಂದ್ರ ಪಾಂಡವಪುರದವರೆಗೂ ಕಿಟಕಿಯತ್ತ ತಿರುಗಿ ಕುಳಿತ.

"ಬನ್ನಿ ಬಾವ," ಎಂದ ರವೀಂದ್ರ. "ಕಲ್ಯಾಣಿ ಸ್ನಾನಕ್ಕಾ?"

"ನಂಗಲ್ಲ. ಇದ್ಕೆ." ಸುರೇಂದ್ರ ಡಬ್ಬಿ ಚಾಚಿದ. ಕಾಫಿ ಬೇಡವೆಂದ, ಕುರ್ಚಿಯೂ ಬೇಡವೆಂದ.

ರವೀಂದ್ರ ಮೀನಿನ ಹೊಟ್ಟೆ ನೋಡಿ ನಗುವುದನ್ನು ನಿಲ್ಲಿಸಿದ. ತೊಟ್ಟಿಯ ನೀರನ್ನು ಸ್ವಲ್ಪಸ್ವಲ್ಪವೇ ಡಬ್ಬಿಗೆ ಬೆರೆಸಿ, ಮೀನು ಒಗ್ಗಿದ ಮೇಲೆ ಒಳಗೆ ಬಿಟ್ಟ. ಅದು ತಳದಲ್ಲಿ ಕುಳಿತು ಕಣ್ಣು ಹೊರಳಿಸಿತು. ಕಲ್ಲಿನತ್ತ ತೆವಳಿತು. ಪಾಚಿಯನ್ನೊಮ್ಮೆ ಕುಕ್ಕಿತು. ಇನ್ನೊಮ್ಮೆ ಕುಕ್ಕಿತು. ಆಮೇಲೆ ಮದುವೆ ಮನೆಯ ಕೊನೇ ಪಂಕ್ತಿಗೆ ಕುಳಿತವರಂತೆ ತಲೆ ಎತ್ತಲೇ ಇಲ್ಲ.

ಮೀನು ಬದುಕಿತೆಂಬ ಸಂತೋಷ ಸುರೇಂದ್ರನಿಗೆ ಅರೆಗಳಿಗೆಯೂ ನಿಲ್ಲಲಿಲ್ಲ. "ನಾಚಿಕೆ ಇಲ್ವಾ ಅದ್ಕೆ? ನಮ್ಮನೇಲಿ ಒಂದಿನಾನೂ ಇಂಗ್ ತಿನ್ಲಿಲ್ಲ."

"ಬಡಿಸಿದ್ರೆ ತಾನೇ ಬಾವ. ನಿಮ್ ತೊಟ್ಟಿ ಸರಿಯಾಗಕ್ಕೆ ತಿಂಗಳುಗಟ್ಲೆ ಬೇಕು. ಅಲ್ಲೀಗಂಟ ಇಲ್ಲೇ ಇರ್ಲಿ."

ಸುರೇಂದ್ರ ಜೇಬಿನಿಂದ ಕರವಸ್ತ್ರ ತೆಗೆದು, ಮೀನು ಕಾಣುವಷ್ಟು ಜಾಗದ ಗಾಜನ್ನು ಒರೆಸತೊಡಗಿದ.

"ಬಾವ, ತೊಟ್ಟಿ ತೊಳೀಬೇಡಿ."

"ಒರುಸ್ತಿರೋದು ಒರಗಡೆ ಕಣಯ್ಯ," ಎಂದ ಸುರೇಂದ್ರ, ಕುರ್ಚಿ ಎಳೆದುಕೊಳ್ಳುತ್ತ. "ಒಳಗಡೆ ನೀನು ಏನ್ ಬೇಕಾರೂ ಬೆಳ್ಕೊ."