ಏನೂ ಇಲ್ಲ ಎಂದು ಬರೆದ ಬಾಟಲಿ

ಮೊದಲೇ ಹೇಳಿಬಿಡುತ್ತೇನೆ, ಬಾಟಲಿಯ ಮೇಲಿನ ಆ ಚೀಟಿ ಬರೆದವಳು ನಾನು. ಶಾಂಭವಿ ಮಾಡಿದ ತಪ್ಪು ಇಷ್ಟೇ, ನನ್ನ ಮಾತು ಕೇಳಿದಳು. ಅವಳ ಬಗ್ಗೆ ಯಾರಾದರೂ ಬೇರೆ ಥರ ಆಡಿಕೊಂಡರೆ ಕೇಶ್ವಾಪುರದ ನನ್ನ ಅಂಗಡಿಗೆ ಕಳಿಸಿ, ಸುಜಾತಾ ಅಂತ ಕೇಳಿದರೆ ಯಾರಾದರೂ ತೋರಿಸುತ್ತಾರೆ. ಜವಾಬು ನಾನು ಕೊಡುತ್ತೇನೆ.

ಶಾಂಭವಿ ಉಪ್ಪಿನಬೆಟಗೇರಿಯ ಮುರುಗೆಪ್ಪನವರ ಮಗಳು. ತಲೆ ತುಂಬ ಗುಂಗುರು ಕೂದಲು. ಬಾಚಣಿಗೆಯ ಹಲ್ಲು ಮುರಿದಾಗಲೆಲ್ಲ ಅವಳವ್ವ ಸಂಗವ್ವ, "ಇದು ತಲಿ ಅಲ್ಲ, ಗುಬ್ಬಿ ಗೂಡು" ಎಂದು ಬೈಯುತ್ತಲೇ ಎಣ್ಣೆ ಸುರಿದು ಜಡೆ ಬಿಗಿಯುತ್ತಿದ್ದಳಂತೆ. ಹೆಣ್ಣು ನೋಡಲು ಬಂದವರು, ಹುಡುಗಿ ಛಲೋ ಇದ್ದಾಳೆ, ಕೂದಲೊಂದು ನೆಟ್ಟಗೆ ಮಾಡಿಸಿ ಎಂದರು. ಮಾಡಿಸಿದರು. ಕೂದಲು ನೆಟ್ಟಗೆ ಮಾಡುವ ಕ್ರೀಮಿನ ಉರಿಗೆ ನೆತ್ತಿಯ ಮೇಲೆ ಬೊಬ್ಬೆ ಎದ್ದು, ಹದಿನೈದು ದಿನಕ್ಕೆ ಕೂದಲು ಹಿಡಿಹಿಡಿಯಾಗಿ ಕೈಗೆ ಬಂತು. ಆ ಸಂಬಂಧವೂ ಕೂಡಿಬರಲಿಲ್ಲ. ಮದುವೆಯ ಮಾತನ್ನು ಅವಳು ಅಲ್ಲಿಗೇ ಬಿಟ್ಟಳು. ಆದರೆ ಅವತ್ತಿನಿಂದ ಯಾವ ಬಾಟಲಿ ಕೈಗೆ ಸಿಕ್ಕರೂ ಮುಂದಿನ ಚಿತ್ರ ನೋಡುವುದಿಲ್ಲ, ಹಿಂದೆ ತಿರುಗಿಸಿ ಸಣ್ಣಕ್ಷರ ಓದುತ್ತಾಳೆ.

ಓದಿ ಓದಿಯೇ ಅವಳು ಕಲಿತಳು. ನೊರೆ ಬರಿಸುವ ಸಲ್ಫೇಟು ಗುಂಗುರು ಕೂದಲನ್ನು ಒಣಗಿಸುತ್ತದೆ, ಸಿಲಿಕೋನು ಮೇಲೆ ಪದರ ಕಟ್ಟಿ ಹೊಳಪು ತೋರಿಸುತ್ತದೆ, ಹೀಗೆ. ನವನಗರದಲ್ಲಿ ನನ್ನ ಮನೆಯ ಮೇಲಿನ ಮಹಡಿಗೆ ಬಾಡಿಗೆಗೆ ಬಂದಾಗ ಅವಳ ಅಡುಗೆಮನೆಯಲ್ಲಿ ಒಂದು ತೂಕದ ಯಂತ್ರ, ಒಂದು ಸೋಸುವ ಬಟ್ಟೆ, ತವರಿನಿಂದ ತಂದ ಒಂದು ಚೀಲ ಅಗಸೆ ಇದ್ದವು. ನಾವು ಅಗಸೆಯನ್ನು ಚಟ್ನಿಪುಡಿ ಮಾಡಿ ರೊಟ್ಟಿಗೆ ಹಚ್ಚಿಕೊಂಡು ತಿನ್ನುವವರು. ಅವಳು ಅದನ್ನು ಕುದಿಸಿ, ಲೋಳೆ ಸೋಸಿ, ಒದ್ದೆ ಕೂದಲಿಗೆ ಹಚ್ಚುವ ಜೆಲ್ ಮಾಡಿದಳು. ಹಚ್ಚಿ ಒಣಗಿಸಿದರೆ ಗುಂಗುರು ಸುರುಳಿ ಸುರುಳಿಯಾಗಿ ಕೂರುತ್ತದೆ.

ನನ್ನದು ಲಗ್ನಪತ್ರಿಕೆ, ಸ್ಟಿಕ್ಕರ್ ಅಚ್ಚು ಹಾಕುವ ಅಂಗಡಿ. ಅರ್ಧ ಕೌಂಟರ್ ಅವಳ ಬಾಟಲಿಗಳಿಗೆ ಬಿಟ್ಟುಕೊಟ್ಟೆ. ಮೊದಲ ಚೀಟಿಯಲ್ಲಿ ಅವಳು ಎಲ್ಲವನ್ನೂ ಬರೆಸಿದ್ದಳು. ನೀರು, ಅಗಸೆ, ಗ್ಲಿಸರಿನ್, ಕೊನೆಗೆ ಕೆಡದಂತೆ ಕಾಯಲು ನೂರಕ್ಕೆ ಒಂದು ಪಾಲಿಗಿಂತ ಕಡಿಮೆ ಫಿನಾಕ್ಸಿಎಥನಾಲ್. ಬಂದ ಗಿರಾಕಿಗಳು ಬಾಟಲಿ ಎತ್ತುತ್ತಿದ್ದರು, ಆ ಉದ್ದನೆಯ ಹೆಸರು ನೋಡುತ್ತಿದ್ದರು, ಹಾವು ಮುಟ್ಟಿದವರ ಹಾಗೆ ಇಟ್ಟುಬಿಡುತ್ತಿದ್ದರು. ಪಕ್ಕದ ಅಂಗಡಿಯಲ್ಲಿ ಬೇರೆ ಕಂಪನಿಗಳ ಬಾಟಲಿ, ಮೇಲೆ 'ಕ್ಲೀನ್', 'ಕೆಮಿಕಲ್ ಫ್ರೀ', ಒಂದು ಹಸಿರು ಎಲೆ. ಅವು ಮಾರಿಹೋಗುತ್ತಿದ್ದವು.

"ಓದಾಕ ಬರದ ಹೆಸರು ತಲಿಗೆ ಯಾಕವ್ವಾ? ಅದನ್ನ ತಗದ ಹಾಕು" ಎಂದೆ.

"ನೀರು ಇದ್ದದ್ದು ಕೆಡತೈತಿ, ಸುಜಾತಾ. ಕ್ಲೀನ್ ಅನ್ನೂದಕ್ಕ ಅಳತಿ ಇಲ್ಲ, ತೂಕ ಇಲ್ಲ, ಯಾರ ಬೇಕಾದ್ರೂ ಬರಕೊಳ್ಳಬಹುದು. ನೀರೂ ಒಂದು ಕೆಮಿಕಲ್ ಐತಿ" ಎಂದಳು ಅವಳು.

"ಪುರಾಣ ಹೇಳಬ್ಯಾಡ. ಫ್ರಿಜ್ಜಿನ್ಯಾಗ ಇಡ್ರಿ ಅಂತ ಕೆಳಗ ಬರದ್ರ ಆತು."

ನಾನು ಜೋರಿನ ಹೆಂಗಸು. ಅವಳು ಸೋತಳು, ಕೆಡದಂತೆ ಕಾಯುವುದನ್ನು ಹಾಕದೆಯೇ ಜೆಲ್ ಮಾಡಿದಳು. ಹೊಸ ಚೀಟಿ ನಾನೇ ಬರೆದೆ. ಸಲ್ಫೇಟ್ ಇಲ್ಲ, ಸಿಲಿಕೋನ್ ಇಲ್ಲ, ಪ್ಯಾರಾಬೆನ್ ಇಲ್ಲ, ಪ್ರಿಸರ್ವೇಟಿವ್ ಇಲ್ಲ, ಕೆಮಿಕಲ್ ಏನೂ ಇಲ್ಲ. ಎಲ್ಲ ದೊಡ್ಡ ಅಕ್ಷರದಲ್ಲಿ. ಫ್ರಿಜ್ಜಿನ ಮಾತು ಎಲ್ಲಕ್ಕಿಂತ ಕೆಳಗೆ, ಸಾಸಿವೆಯಷ್ಟು. ನಾಲ್ಕು ದಿನದಲ್ಲಿ ಹನ್ನೊಂದು ಬಾಟಲಿ ಖಾಲಿಯಾದವು. ನಾನು ಪೇಢೆ ತರಿಸಿದೆ.

ಆ ಹನ್ನೊಂದರಲ್ಲಿ ಒಂದನ್ನು ಒಯ್ದವರು ಧಾರವಾಡದ ಮಾಳಮಡ್ಡಿಯ ಲಕ್ಷ್ಮೀಬಾಯಿಯವರು. ಅರವತ್ತು ದಾಟಿದ ನಿವೃತ್ತ ಶಿಕ್ಷಕಿ. ತಲೆಯ ಸೆರಗು ಸರಿಸಿ ತೋರಿಸಿದರು. ಒಂದೂವರೆ ಇಂಚು ಬೆಳೆದ, ಸಣ್ಣ ಸಣ್ಣ ಉಂಗುರದಂಥ ಕೂದಲು.

"ಹುಟ್ಟಿದಾಗಿಂದ ನೆಟ್ಟಗಿತ್ತು ನೋಡವಾ. ಏನೋ ಗಂಟು ಅಂತ ಔಷಧ ಕೊಟ್ರು, ಎಲ್ಲಾ ಉದುರಿ ಹೋತು. ಈಗ ಬಂದದ್ದು ಹಿಂಗ ಗುಂಗುರು" ಎಂದು ನಾಚಿಕೊಂಡು ನಕ್ಕರು. "ಇನ್ನೂ ಗುಳಿಗಿ ನಡದಾವ. ರಕ್ತದಾಗ ಬಲ ಇಲ್ಲ, ಭಾಳ ಜ್ವಾಕಿ ಇರ್ರಿ ಅಂದಾರ. ಡಾಕ್ಟರಿಗೆ ತೋರಿಸಿ ಹಚ್ಚಿಕೋತೀನಿ."

ನಮಗಿಬ್ಬರಿಗೂ ಅರ್ಥವಾಯಿತು, ಅದು ಕ್ಯಾನ್ಸರ್ ಔಷಧ. ಹತ್ತು ದಿನದ ಮೇಲೆ, ಗುರುವಾರ ಸಂಜೆ ಅವರಿಂದ ಶಾಂಭವಿಗೆ ಮೆಸೇಜು ಬಂತು. ಡಾಕ್ಟರು ಚೀಟಿ ಓದಿದರು, ಇದರಲ್ಲಿ ಏನೂ ಇಲ್ಲ, ಧಾರಾಳವಾಗಿ ಹಚ್ಚಿಕೊಳ್ಳಿ ಎಂದರು. ನಾಳೆ ಶುಕ್ರವಾರ ತಲೆಗೆ ನೀರು ಹಾಕಿಕೊಂಡು, ಪೂಜೆ ಮುಗಿಸಿ ಹಚ್ಚಿಕೊಳ್ಳುತ್ತೇನೆ.

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಪಕ್ಕದ ಓಣಿಯ ಕರೀಮಾಬಿ ಬಾಟಲಿ ಹಿಡಿದು ಬಂದಳು. ಹೊಲಿಗೆ ಮಾಡುವ ಹೆಣ್ಣುಮಗಳು, ಅವಳ ಮಗಳದೂ ಗುಂಗುರು ಕೂದಲು. "ಇದರಾಗ ಏನೋ ಕರ್ರಗ ಕಾಣತೈತಿ ನೋಡ್ರಿ" ಎಂದಳು. ಶಾಂಭವಿ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ತಳದಲ್ಲಿ ಅರಳೆಯ ಎಳೆಯಂಥದ್ದು ತೇಲುತ್ತಿತ್ತು, ನಡುವೆ ಕಪ್ಪು ಚುಕ್ಕೆ. ಬೂಷ್ಟು ಹಿಡಿದಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕಾಗಿರಲಿಲ್ಲ.

"ಫ್ರಿಜ್ಜಿನ್ಯಾಗ ಇಟ್ಟಿದ್ದಿಲ್ಲೇನ?" ಎಂದು ನಾನು ಜೋರು ಮಾಡಿದೆ.

ಕರೀಮಾಬಿ ನನ್ನನ್ನೇ ವಿಚಿತ್ರವಾಗಿ ನೋಡಿದಳು. "ತಲಿಗೆ ಹಚ್ಚೂದನ್ನ ಹಾಲಿನ ಬಾಜೂಕ ಹೆಂಗ ಇಡೋದ್ರಿ? ನಿಮ್ಮನ್ಯಾಗ ಇಡತೀರೇನ?"

ಇಡುವುದಿಲ್ಲ. ನನ್ನ ಮನೆಯಲ್ಲೇ ಇಡುವುದಿಲ್ಲ. ಅನ್ನದಲ್ಲಿ ಒಂದು ಕೂದಲು ಕಂಡರೆ ತಟ್ಟೆ ಸರಿಸಿ ಏಳುವ ಜನ ನಾವು, ಕೂದಲಿಗೆ ಹಚ್ಚುವ ಬಾಟಲಿಯನ್ನು ನೈವೇದ್ಯದ ಹಾಲಿನ ಪಕ್ಕ ಯಾರು ಇಡುತ್ತಾರೆ? ಹನ್ನೊಂದು ಬಾಟಲಿಯೂ ಹನ್ನೊಂದು ಬಚ್ಚಲುಮನೆಯ ಗೂಡಿನಲ್ಲಿ ಬೆಚ್ಚಗೆ ಕೂತಿವೆ. ಇದು ಗೊತ್ತಿರಬೇಕಾದದ್ದು ನನಗೆ.

ಶಾಂಭವಿ ಫೋನು ಎತ್ತಿಕೊಂಡಳು. ಒಬ್ಬೊಬ್ಬರಿಗೂ ಒಂದೇ ಮಾತು, ಬಾಟಲಿ ಕೆಟ್ಟಿದೆ, ಹಚ್ಚಬೇಡಿ, ಚೆಲ್ಲಿಬಿಡಿ. ಕರೀಮಾಬಿಯದು ಬಿಟ್ಟರೆ ಒಂಬತ್ತು ಜನ ಎತ್ತಿದರು. ಲಕ್ಷ್ಮೀಬಾಯಿಯವರು ಎತ್ತಲಿಲ್ಲ. ಮತ್ತೆ ಹಚ್ಚಿದಳು. ಎತ್ತಲಿಲ್ಲ.

"ಮಡಿಯೊಳಗ ಇದ್ದಾರು. ಪೂಜಿ ಮುಗಿಯೂ ತನಕ ಫೋನ್ ಮುಟ್ಟಂಗಿಲ್ಲ" ಎಂದೆ.

"ಮುಗಿದ ಮ್ಯಾಲೆ ಮೊದಲ ಬಾಟ್ಲಿ ಮುಟ್ಟತಾರ" ಎಂದಳು ಶಾಂಭವಿ. "ನಮ್ಮಂಥಾವ್ರಿಗೆ ಆದ್ರ ತುರಿಕಿ ಆಗಿ ಹೋಗತೈತಿ. ಅವ್ರಿಗೆ ನೆತ್ತಿ ಮ್ಯಾಲೆ ಒಂದು ಗೀರು ಇದ್ರೂ ನಂಜ ಏರತೈತಿ. ಸ್ಕೂಟಿ ಕೀಲಿ ಎಲ್ಲೈತಿ?"

ಅವಳು ಓಡಿಸಿದಳು, ನಾನು ಹಿಂದೆ ಕೂತು ಫೋನು ಹಚ್ಚುತ್ತಲೇ ಇದ್ದೆ. ರಾಯಾಪುರ ದಾಟಿತು, ಸತ್ತೂರು ದಾಟಿತು. ಪಕ್ಕದಲ್ಲಿ, ತಮಗೇ ಮೀಸಲಾದ ದಾರಿಯಲ್ಲಿ ಚಿಗರಿ ಬಸ್ಸುಗಳು ಸರಸರ ಮುಂದೆ ಹೋಗುತ್ತಿದ್ದವು, ನಮ್ಮ ಮುಂದೆ ಕಬ್ಬಿನ ಟ್ರ್ಯಾಕ್ಟರು. ಗಂಟೆ ಎಂಟಾಗುತ್ತ ಬಂದಿತ್ತು. ಲಕ್ಷ್ಮೀಬಾಯಿಯವರ ಆ ನಾಚಿಕೊಂಡ ನಗು ಕಣ್ಣ ಮುಂದೆ ಬರುತ್ತಿತ್ತು. ಮಾಡಿದ್ದುಣ್ಣೋ ಮಾರಾಯ ಅನ್ನುತ್ತಾರೆ, ಆದರೆ ಇಲ್ಲಿ ಮಾಡಿದವಳು ನಾನು, ಉಣ್ಣುವವರು ಅವರು.

ಟೋಲ್ ನಾಕಾ ಹತ್ತಿರ ಬಂದಾಗ ನನ್ನ ಹಾಳು ಬುದ್ಧಿ ಇನ್ನೊಂದು ಮಾತು ಆಡಿಸಿತು. "ಶಾಂಭವಿ, ಪೂರಾ ಹೇಳಬ್ಯಾಡ. ಇದಕ್ಕಿಂತ ಛಲೋದು ತಯಾರಾಗೇತಿ, ಅದಲಿ ಬದಲಿ ಮಾಡಾಕ ಬಂದೇವಿ ಅನ್ನೂಣು. ಹೆಸರು ಕೆಡತೈತಿ." ಅವಳು ಗಾಡಿ ಇನ್ನೂ ಜೋರು ಮಾಡಿದಳು.

ಮಾಳಮಡ್ಡಿಯ ಮನೆಯ ಬಾಗಿಲು ತೆರೆದೇ ಇತ್ತು. ಊದುಬತ್ತಿಯ ವಾಸನೆ ಬರುತ್ತಿತ್ತು, ಗಂಟೆಯ ಸದ್ದು ಇರಲಿಲ್ಲ. ಪೂಜೆ ಮುಗಿದಿತ್ತು. ಲಕ್ಷ್ಮೀಬಾಯಿಯವರು ಪಡಸಾಲೆಯಲ್ಲಿ ಸಣ್ಣ ಕನ್ನಡಿ ಗೋಡೆಗೆ ಆನಿಸಿ ಕೂತಿದ್ದರು. ಆರಿದ ಕೂದಲಿಗೆ ಮತ್ತೆ ನೀರು ಚಿಮುಕಿಸಿಕೊಂಡಿದ್ದರು, ಅದು ಹನಿಯುತ್ತಿತ್ತು. ಎಡ ಅಂಗೈಯಲ್ಲಿ ಜೆಲ್ ಇತ್ತು. ಬಲಗೈ ಬೆರಳು ಅದರಲ್ಲಿ ಅದ್ದಿ ತಲೆಯತ್ತ ಎತ್ತಿದ್ದರು.

ಶಾಂಭವಿ ಚಪ್ಪಲಿಯನ್ನೂ ಬಿಡದೆ ಒಳಗೆ ನುಗ್ಗಿ ಅವರ ಮಣಿಕಟ್ಟು ಹಿಡಿದಳು. "ಹಚ್ಚಬ್ಯಾಡ್ರಿ, ಬಾಯಾರ. ಕೆಟ್ಟೈತಿ ಅದು." ತನ್ನ ದುಪಟ್ಟಾದಿಂದ ಒಂದೊಂದೇ ಬೆರಳು ಒರೆಸಿದಳು. "ಮೊದಲ ಎಲ್ಲರೆ ಹಚ್ಚೀರೇನ್ರಿ? ಖರೇ ಹೇಳ್ರಿ."

"ಇಲ್ಲವಾ, ಈಗ ಬಾಟ್ಲಿ ತಗದೆ" ಎಂದರು ಅವರು ಗಾಬರಿಯಿಂದ.

ನಾನು ಹೊಸ್ತಿಲ ಮೇಲೆ ಕೂತುಬಿಟ್ಟೆ.

ಗದ್ದಲ ಕೇಳಿ ಮಗ ಕೇದಾರ ಒಳಗಿನಿಂದ ಬಂದ. ಕಾಲೇಜಿನಲ್ಲಿ ಕಲಿಸುವವನು, ನಲವತ್ತರ ಹತ್ತಿರದವನು. ಶಾಂಭವಿ ಬಾಟಲಿಯನ್ನು ಬೆಳಕಿಗೆ ಹಿಡಿದು ಅವನಿಗೆ ತೋರಿಸಿದಳು. ಅವನ ಮುಖ ಬಿಳುಚಿಕೊಂಡಿತು, ಆಮೇಲೆ ಕೆಂಪಾಯಿತು.

"ಮ್ಯಾಲೆ ಏನೂ ಇಲ್ಲ ಅಂತ ಬರದೀರಿ. ಡಾಕ್ಟರು ಸುದ್ದಾ ಅದನ್ನ ನಂಬಿದ್ರು. ಒಳಗ ಏನದ ಅಂತ ಹೇಳದೇ ಮಂದಿಗೆ ಹೆಂಗ ಕೊಡ್ತೀರಿ ನೀವು? ಇವರ ಜೀವಕ್ಕ ಏನರೆ ಆಗಿದ್ರ? ಕಂಪ್ಲೇಂಟ್ ಕೊಡ್ತೀನಿ ನಾ."

"ಬರದದ್ದು ಸುಳ್ಳಲ್ಲರಿ" ಎಂದೆ ನಾನು, ಕೂತಲ್ಲಿಂದಲೇ. "ಖರೇನ ಏನೂ ಹಾಕಿದ್ದಿಲ್ಲ."

"ಸುಜಾತಾ, ಬಾಯಿ ಮುಚ್ಚು." ಐದು ವರ್ಷದಲ್ಲಿ ಶಾಂಭವಿ ನನಗೆ ಹಾಗೆ ಅಂದದ್ದು ಅದೊಂದೇ ಸಲ. ಅವಳು ಲಕ್ಷ್ಮೀಬಾಯಿಯವರ ಮುಂದೆ ನೆಲದ ಮೇಲೆ ಕೂತಳು. "ಕೆಡದಂಗ ಕಾಯೂ ಔಷಧ ಮೊದಲ ಹಾಕತಿದ್ದೆ. ಅದರ ಹೆಸರು ನೋಡಿ ಮಂದಿ ಹೆದರತಾರಂತ ತಗದೆ. ಏನೇನ ಇಲ್ಲ ಅಂತ ದೊಡ್ಡದಾಗಿ ಬರದ್ವಿ. ಅದು ಇಲ್ಲಂದ್ರ ಏನ ಆಗತೈತಿ ಅಂತ ಬರೀಲಿಲ್ಲ. ನಿಮ್ಮಂಥಾವ್ರಿಗೆ ಅದ ಮೊದಲ ಹೇಳಬೇಕಿತ್ರಿ. ನಂದ ತಪ್ಪು. ಕಂಪ್ಲೇಂಟ್ ಕೊಡ್ಲಿ, ಬರದ ಕೊಡತೇನಿ ನಾ."

ಲಕ್ಷ್ಮೀಬಾಯಿಯವರು ಅವಳ ಕೈ ಹಿಡಿದುಕೊಂಡರು. ಕೂದಲಿನಿಂದ ನೀರು ಕಿವಿಯ ಹಿಂದೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಆಮೇಲೆ ಮಗನ ಕಡೆ ತಿರುಗಿದರು.

"ಈಕೀ ನವನಗರದಿಂದ ಓಡಿ ಬಂದ್ಲು ನೋಡು, ಒಳಗ ಏನದ ಅಂತ ಹೇಳ್ಲಿಕ್ಕೆ."

"ಅದಕ್ಕ ಅಮ್ಮಾ, ನಾ ಅನ್ನೋದೂ..."

"ನೀ ಎಂಟು ತಿಂಗಳಾತು ಹೇಳ್ಲಿಕ್ಕತ್ತು. ಏನಿಲ್ಲಮ್ಮಾ, ಸಣ್ಣ ಗಂಟು. ಏನಿಲ್ಲಮ್ಮಾ, ಶಕ್ತಿ ಔಷಧ. ಏನಿಲ್ಲ, ಏನಿಲ್ಲ." ಅವರ ದನಿ ಏರಲಿಲ್ಲ. "ಮೂವತ್ನಾಲ್ಕು ವರ್ಷ ಮಕ್ಕಳಿಗೆ ಓದಲಿಕ್ಕೆ ಕಲಿಸಿದಾಕಿ ನಾ. ನನ್ನ ದವಾಖಾನಿ ಫೈಲು ನೀ ಕಪಾಟಿನ್ಯಾಗ ಕೀಲಿ ಹಾಕಿ ಇಟ್ಟೀ. ಏನೇನಿಲ್ಲ ಅಂತ ಹೇಳಿದ್ದು ಸಾಕು ಕೇದಾರ. ಏನದ ಅಂತ ಹೇಳು."

ಕೇದಾರ ಬಾಗಿಲ ಚೌಕಟ್ಟು ಹಿಡಿದು ನಿಂತ. "ನೀವು ಹೆದರ್ತೀರಿ ಅಂತ..." ಎಂದವನು ನಮ್ಮ ಕಡೆ ನೋಡಿದ. ಸ್ವಲ್ಪ ಹೊತ್ತಿನ ಹಿಂದೆ ನಮಗೆ ಹೇಳಿದ ಮಾತು ಅವನಿಗೇ ನೆನಪಾಯಿತೋ ಏನೋ, ತಲೆ ಬಗ್ಗಿಸಿ ಒಳಗೆ ಹೋದ. ಕಪಾಟಿನ ಕೀಲಿ ತಿರುಗಿದ ಸದ್ದು ಕೇಳಿತು.

ಫೈಲು ತಂದು ತಾಯಿಯ ಪಕ್ಕದಲ್ಲಿ ನೆಲಕ್ಕೆ ಕೂತ. ಮೊದಲ ಹಾಳೆ ತೆಗೆದ. ಶಾಂಭವಿ ಏಳಲು ಹೋದಾಗ ಲಕ್ಷ್ಮೀಬಾಯಿಯವರು ಅವಳ ಕೈ ಬಿಡಲಿಲ್ಲ. "ಕೂಡು ನೀ" ಎಂದರು. ಕೇದಾರ ತಾಯಿಯ ಹೆಸರು, ವಯಸ್ಸು, ತಾರೀಖು ಓದಿದ. ಅದರ ಕೆಳಗೆ, ರೋಗದ ಹೆಸರಿದ್ದ ಸಾಲಿಗೆ ಬಂದು ನಿಂತ.

"ಓದು" ಎಂದರು ಅವರು.

ಅವನು ಓದಿದ.