ಇಗರ್ಜಿಯ ಅಂಗಳದಲ್ಲಿ ಬಿಟ್ಟ ಕೈ

ಇಂಥ ಸಂಗತಿಗಳನ್ನು ನಾನು ನಂಬಿದವಳಲ್ಲ. ನಮ್ಮ ಅಲ್ ನಹ್ದಾ ಬಡಾವಣೆಯ ಪ್ರಾರ್ಥನಾ ಕೂಟದಲ್ಲಿ ಯಾರಾದರೂ ಕನಸಿನಲ್ಲಿ ಕಂಡದ್ದು, ಕಿವಿಯಲ್ಲಿ ಕೇಳಿಸಿದ್ದು ಎಂದು ಶುರು ಮಾಡಿದರೆ ನಾನು ಎದ್ದು ಚಹಾ ಕಾಯಿಸಲು ಹೋಗುತ್ತಿದ್ದೆ. ಓದಿದ್ದು ಏಳನೇ ಕ್ಲಾಸು, ಕೆಲಸ ದುಬೈಯ ಒಂದು ಹೋಟೆಲಿನ ಲಾಂಡ್ರಿಯಲ್ಲಿ. ಕಲೆ ಹೋಗುತ್ತದೆ ಅಥವಾ ಹೋಗುವುದಿಲ್ಲ, ನನಗೆ ಗೊತ್ತಿರುವ ಲೋಕ ಅಷ್ಟೇ. ಆದ್ದರಿಂದ ನನ್ನನ್ನು ನಂಬಿ ಎಂದು ನಿಮ್ಮನ್ನು ಕೇಳುವುದಿಲ್ಲ.

ಮುಂದಿನ ತಿಂಗಳು ನಾನು ಸಾವೊ ಟೊಮೆಗೆ ಹೋಗುತ್ತಿದ್ದೇನೆ. ಅದು ಆಫ್ರಿಕಾದ ಪಶ್ಚಿಮಕ್ಕೆ, ಸಮುದ್ರದ ನಡುವೆ ಎರಡು ದ್ವೀಪಗಳಿರುವ ಒಂದು ಪುಟ್ಟ ದೇಶ. ಹೆಸರು ಹೇಳಿದರೆ ಇಲ್ಲಿ ಒಬ್ಬರಿಗೂ ಗೊತ್ತಿಲ್ಲ. ನನ್ನ ರೂಮ್‌ಮೇಟ್ ಹಿಲ್ಡಾ ಉಡುಪಿ ಕಡೆಯವಳು, ಆಫೀಸಿನಲ್ಲಿ ಕೆಲಸ. ಟಿಕೆಟ್ ನೋಡಿ ಅವಳಿಗೆ ನಗು.

"ಅಲ್ಲಿ ಎಂತ ಉಂಟು ಮಾರಾಯ್ತಿ? ರಜೆ ಸಿಕ್ಕಿದವರೆಲ್ಲ ಜಾರ್ಜಿಯಾಕ್ಕೆ ಹೋಗ್ತಾರೆ, ಬಾಕುಗೆ ಹೋಗ್ತಾರೆ. ಹಿಮದಲ್ಲಿ ನಿಂತು ಒಂದು ಫೋಟೊ ಆದ್ರೂ ಸಿಗ್ತದೆ."

"ಜೀಗುಜ್ಜೆ ಉಂಟು," ಅಂದೆ.

"ಜೀಗುಜ್ಜೆ ತಿನ್ಲಿಕ್ಕೆ ಆಫ್ರಿಕಾಕ್ಕಾ?"

ಹೌದು, ಜೀಗುಜ್ಜೆ ತಿನ್ನಲಿಕ್ಕೆ. ಹಲಸಿನ ಜಾತಿಯ ಆ ಕಾಯಿಯನ್ನು ಅಲ್ಲಿ ಇಡಿಯಾಗಿ ಕೆಂಡದಲ್ಲಿ ಸುಟ್ಟು ಮೀನಿನ ಜೊತೆ ತಿನ್ನುತ್ತಾರಂತೆ. ಹಲಸು ಕೂಡ ಇದೆಯಂತೆ, ಕೊಕ್ಕೋ ಒಣಗುವ ವಾಸನೆ ರಸ್ತೆಯವರೆಗೂ ಬರುತ್ತದಂತೆ. ಪೋರ್ಚುಗೀಸರು ಆಳಿದ ಜಾಗವಾದ್ದರಿಂದ ಸಮಾಧಿಕಲ್ಲುಗಳ ಮೇಲೆ ನಮ್ಮೂರಿನ ಹಾಗೆಯೇ ಪಿಂಟೊ, ಡಿಸೋಜ ಎಂಬ ಹೆಸರುಗಳು. ಅಲ್ಲಿನವರು ಮಾತುಮಾತಿಗೆ "ಲೆವೆ ಲೆವೆ" ಅನ್ನುತ್ತಾರೆ, ಅಂದರೆ ನಿಧಾನ, ಅವಸರ ಬೇಡ. ಇಷ್ಟು ವರ್ಷ ಸೂಪರ್‌ವೈಸರ್ ಬಾಯಲ್ಲಿ "ಯಲ್ಲಾ ಯಲ್ಲಾ" ಎಂಬ ಅವಸರವನ್ನೇ ಕೇಳಿದ ನನಗೆ ಈ ಒಂದು ಕಾರಣವೇ ಸಾಕು. ನೋಡಿದವಳ ಹಾಗೆ ಬರೆಯುತ್ತಿದ್ದೇನೆ. ನೋಡಿಲ್ಲ. ಇದೆಲ್ಲ ನನ್ನ ತಮ್ಮ ಮೆಲ್ವಿನ್ ಫೋನಿನಲ್ಲಿ ಹೇಳಿದ್ದು. ಪ್ರತಿ ಸಲವೂ "ನೀನೊಮ್ಮೆ ಬಾ ಬಾಯ್" ಎಂದು ಅವನು ಮುಗಿಸುತ್ತಿದ್ದ; ಬಾಯ್ ಅಂದರೆ ನಮ್ಮಲ್ಲಿ ಅಕ್ಕ. "ನೋಡುವ" ಎಂದು ನಾನು ಫೋನ್ ಇಡುತ್ತಿದ್ದೆ.

ಮೆಲ್ವಿನ್ ಹಡಗಿನಲ್ಲಿ ಫಿಟ್ಟರ್ ಆಗಿದ್ದ. ಆ ದ್ವೀಪದಲ್ಲಿ ಇಳಿದವನು ಮತ್ತೆ ಹಡಗು ಹತ್ತಲಿಲ್ಲ. ಮೀನಿನ ದೋಣಿಗಳ ಎಂಜಿನ್ ರಿಪೇರಿ ಮಾಡುತ್ತಾ ಅಲ್ಲಿಯ ಜೊವಾನಾಳನ್ನು ಮದುವೆಯಾದ. ಮಗಳು ಹುಟ್ಟಿದಾಗ ನಮ್ಮ ಅಮ್ಮನ ಹೆಸರನ್ನೇ ಇಟ್ಟ, ಸೆಲಿನ್. ಜ್ಞಾನಸ್ನಾನದಲ್ಲಿ ಧರ್ಮತಾಯಿಯಾಗಿ ಮಗುವನ್ನು ಎತ್ತಿಕೊಳ್ಳುವುದಕ್ಕೆ ನನ್ನನ್ನು ಕರೆದ. ರಜೆ ಇಲ್ಲ ಅಂದೆ. ರಜೆ ಇತ್ತು. ಜೊವಾನಾಳ ಬಣ್ಣಕ್ಕೆ ನಾನು ನಾಚಿದ್ದೆ. ಕೂಟದ ಹೆಂಗಸರು ಕೇಳಿದಾಗಲೆಲ್ಲ ತಮ್ಮ ಪೋರ್ಚುಗಲ್‌ನಲ್ಲಿದ್ದಾನೆ ಎಂದು ಹೇಳುತ್ತಿದ್ದೆ. ಇದನ್ನು ಸುತ್ತಿಬಳಸಿ ಬರೆಯಲು ನನಗೆ ಬರುವುದಿಲ್ಲ.

ನಂಬಿ ಎಂದು ಕೇಳುವುದಿಲ್ಲ ಅಂದೆನಲ್ಲ, ಆ ಘಟನೆ ನಡೆದು ಕೆಲವು ವರ್ಷಗಳಾದವು. ಜನವರಿಯ ಒಂದು ಭಾನುವಾರ, ಮಧ್ಯಾಹ್ನದ ಪೂಜೆ. ಇಗರ್ಜಿ ತುಂಬಿ ಜನ ಅಂಗಳದಲ್ಲಿ ನಿಂತು ಪರದೆಯಲ್ಲಿ ಪಾದ್ರಿಯನ್ನು ನೋಡುತ್ತಿದ್ದರು. ನಾನೂ ಕೂಟದ ಹೆಂಗಸರ ಜೊತೆ ನಿಂತಿದ್ದೆ. ಪ್ರವಚನ ಮುಗಿಯುವ ಹಾಗೆ ಕಾಣಲಿಲ್ಲ. ಆಗ ನನ್ನ ಎಡಗೈಯೊಳಗೆ ಒಂದು ಪುಟ್ಟ ಕೈ ಬಂದು ಸೇರಿತು. ಹೆಬ್ಬೆರಳಿನಿಂದ ಅಂಗೈಯನ್ನು ಎರಡು ಸಲ ಒತ್ತಿ, ಉಗುರಿನಿಂದ ಮೆಲ್ಲಗೆ ಒಮ್ಮೆ ಗೀರಿತು.

ಅದು ನಮ್ಮಿಬ್ಬರದು, ಮೆಲ್ವಿನ್‌ದು ಮತ್ತು ನನ್ನದು. ಚಿಕ್ಕಂದಿನಲ್ಲಿ ಪ್ರವಚನ ಉದ್ದವಾದರೆ ಅವನು ಹೀಗೆ ಒತ್ತಿ ಗೀರಿ "ಇನ್ನೆಷ್ಟು ಹೊತ್ತು?" ಎಂದು ಕೇಳುತ್ತಿದ್ದ. ಮಾತಾಡಿದರೆ ಅಪ್ಪ ತಲೆಗೆ ಮೊಟಕುತ್ತಿದ್ದರು. ನಾನು ಅವನ ಕೈಯನ್ನು ಗಟ್ಟಿಯಾಗಿ ಮುಚ್ಚಿ ಹಿಡಿದರೆ "ಇನ್ನು ಸ್ವಲ್ಪ, ನಾನಿದ್ದೇನಲ್ಲ" ಎಂದು ಅರ್ಥ. ಯೋಚಿಸುವ ಮೊದಲೇ ನನ್ನ ಬೆರಳುಗಳು ಆ ಕೈಯನ್ನು ಮುಚ್ಚಿ ಹಿಡಿದವು.

ಆಮೇಲೆ ಕೆಳಗೆ ನೋಡಿದೆ. ಐದಾರು ವರ್ಷದ ಕಪ್ಪು ಹುಡುಗಿ. ಸಣ್ಣ ಸಣ್ಣ ಜಡೆಗಳ ತುದಿಯಲ್ಲಿ ಬಿಳಿ ಮಣಿಗಳು. ನನ್ನ ಕಡೆ ನೋಡಲಿಲ್ಲ, ತನ್ನವರ ಕೈ ಹಿಡಿದ ಹಾಗೆ ಪರದೆ ನೋಡುತ್ತಾ ನಿಂತಿತ್ತು.

ಪಕ್ಕದಲ್ಲಿದ್ದ ಲಿಲ್ಲಿಬಾಯಿ ಮೊಣಕೈಯಿಂದ ತಿವಿದರು. "ಯಾರ ಮಗು ಅದು? ನಿನ್ನ ಪರಿಚಯದ್ದಾ?"

"ಅಲ್ಲಪ್ಪ, ನನಗೆಂತ ಗೊತ್ತು," ಅಂದೆ. ಕೈ ಕೊಡವಿದೆ.

ಮತ್ತೆ ನೋಡುವಾಗ ಮಗು ಇರಲಿಲ್ಲ. ನಮ್ಮ ಇಗರ್ಜಿಗೆ ಆಫ್ರಿಕಾದ ಕುಟುಂಬಗಳು ಬೇಕಾದಷ್ಟು ಬರುತ್ತವೆ, ಯಾರದೋ ಮಗು ತಪ್ಪಿ ನನ್ನ ಕೈ ಹಿಡಿದಿರಬೇಕು ಅಂದುಕೊಂಡೆ. ಮನೆಗೆ ಬಂದು ಊಟ ಮಾಡಿದೆ.

ಸಂಜೆ ಮೆಲ್ವಿನ್ ಫೋನ್ ಮಾಡಿದ.

"ಇವತ್ತೊಂದು ತಮಾಷೆ ಬಾಯ್. ಸೆಲಿನ್ ಪೂಜೆಯಲ್ಲಿ ನನ್ನ ತೊಡೆ ಮೇಲೆ ನಿದ್ದೆ ಹೋಗಿದ್ಳು. ಎಚ್ಚರ ಆದದ್ದೇ ಜೋರು ಅಳು. ಎಂತ ಅಂತ ಕೇಳಿದ್ರೆ, ಅತ್ತೆ ಕೈ ಬಿಟ್ಟಳು ಅಂತಾಳೆ."

"ಯಾವ ಅತ್ತೆ?"

"ಜೊವಾನಾಳ ತಂಗಿಯರಿಗೆಲ್ಲ ಅವಳು ಇಲ್ಲಿಯ ಮಾತಲ್ಲಿ ತೀಯಾ ಅನ್ನುದು. ಅತ್ತೆ ಅಂದ್ರೆ ನೀನೇ."

ಚಿಕ್ಕಂದಿನಲ್ಲಿ ಇಗರ್ಜಿಯಲ್ಲಿ ನಾವು ಅಂಗೈ ಒತ್ತುತ್ತಿದ್ದದ್ದನ್ನು ಅವಳಿಗೆ ಕಲಿಸಿದ್ದೀಯಾ ಎಂದು ಕೇಳಿದೆ.

"ಅಂಗೈ ಒತ್ತುದಾ? ಯಾವಾಗ?" ಅಂದ. ಅವನಿಗೆ ಅದು ಮರೆತೇ ಹೋಗಿತ್ತು.

ಆ ದಿನ ಸೆಲಿನ್ ಜಡೆಗೆ ಏನು ಹಾಕಿದ್ದಳು ಎಂದು ನಾನು ಕೇಳಲಿಲ್ಲ. ಕೇಳಲು ಹೆದರಿಕೆಯಾಯಿತು. ಅಂಗಳದಲ್ಲಿ ಆದದ್ದನ್ನು ಅವನಿಗೆ ಇನ್ನೂ ಹೇಳಿಲ್ಲ.

ಇಷ್ಟಾದರೂ ನಾನು ಹೊರಡಲಿಲ್ಲ, ಅದೂ ನನ್ನದೇ ತಪ್ಪು. ಈ ವರ್ಷ ಸೆಲಿನ್‌ಗೆ ಇಗರ್ಜಿಯಲ್ಲಿ ಮೊದಲ ಪರಮಪ್ರಸಾದ ಕೊಡುವ ಸಮಾರಂಭ. ಮೆಲ್ವಿನ್ ವಿಷಯ ತಿಳಿಸಿದ, ಆದರೆ ಈ ಸಲ "ಬಾ" ಅನ್ನಲಿಲ್ಲ. ಅಷ್ಟು ವರ್ಷ ಕರೆದವನು ಕರೆಯುವುದನ್ನು ಬಿಟ್ಟಿದ್ದ. ಅದೇ ವಾರ ಕೂಟದಲ್ಲಿ ಚಹಾಕ್ಕೆ ಏಳದೆ ಕೂತು, ನನ್ನ ತಮ್ಮ ಇರುವುದು ಪೋರ್ಚುಗಲ್‌ನಲ್ಲಿ ಅಲ್ಲ, ಆಫ್ರಿಕಾದಲ್ಲಿ, ಅವನ ಹೆಂಡತಿ ಅಲ್ಲಿಯವಳು, ನಾನು ಅಲ್ಲಿಗೆ ಹೋಗುತ್ತಿದ್ದೇನೆ ಎಂದೆ. ಲಿಲ್ಲಿಬಾಯಿ ಜಪಮಾಲೆ ನೋಡಿಕೊಂಡರು. ನೋಡಿಕೊಳ್ಳಲಿ.

ಹಿಲ್ಡಾಳಿಗೆ ಮಾತ್ರ ಎಲ್ಲವನ್ನೂ ಹೇಳಿದೆ. ಈಗ ಅವಳು ನಗುವುದಿಲ್ಲ. ಮೊನ್ನೆ ಸೂಟ್‌ಕೇಸ್ ತೂಗುವಾಗ, "ಆ ಮಗುವಿನ ಹತ್ರ ಕೇಳ್ತೀಯಾ?" ಅಂದಳು.

ಕೇಳುವುದಿಲ್ಲ. ಅವಳಿಗೆ ನೆನಪಿರಲಾರದು, ನೆನಪಿದ್ದರೆ ಉತ್ತರ ಕೊಡಬೇಕಾದವಳು ನಾನು. ಆ ದಿನ ನನ್ನ ಕೈಯೊಳಗೆ ಬಂದದ್ದು ಯಾರ ಕೈಯೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಯಾರದೇ ಇರಲಿ, ಅದು ಬೆಚ್ಚಗಿತ್ತು, ಮತ್ತು ಅದನ್ನು ಬಿಟ್ಟವಳು ನಾನು.